ನಾಯಿ ಬಾಯಲ್ಲಿ ಮಾತಾಡಿಸಬೇಡಿ, ದಯವಿಟ್ಟು

"ಹಾಯ್ ಫ್ರೆಂಡ್ಸ್, ನಾನು ಬ್ರೂನೋ. ಇವತ್ತು ನನ್ನ ಪಪ್ಪ ಮಮ್ಮಿ ಬಗ್ಗೆ ಹೇಳ್ತೀನಿ."

ವಾರಕ್ಕೆ ಒಬ್ಬರಾದರೂ ಇಂಥದ್ದನ್ನು ಕಳಿಸುತ್ತಾರೆ. ಕೆಳಗೆ ತಪ್ಪದೆ ಒಂದು ಸಾಲು ಇರುತ್ತದೆ: "ಸಾರ್, ನಿಮ್ಮ ಅಂಕಣಕ್ಕೆ ಸರಿಹೋಗುತ್ತೆ ಅಲ್ವಾ?" ಸರಿಹೋಗಲ್ಲ. ಸಾಕುಪ್ರಾಣಿಗಳ ಮೇಲೆ ನಗೆಬರಹ ಬರೆಯುವುದೇ ನನ್ನ ಕಸುಬು. ಇದರಲ್ಲಿ ಜೀವನ ನಡೆಯುತ್ತಾ ಅಂತ ಕೇಳಬೇಡಿ, ಅಷ್ಟಕ್ಕಷ್ಟೇ. ಆದರೆ ಯಾವುದಕ್ಕೆ ಜನ ನಗುತ್ತಾರೆ, ಯಾವುದಕ್ಕೆ ಪುಟ ತಿರುಗಿಸುತ್ತಾರೆ ಅನ್ನುವುದು ಸ್ವಲ್ಪ ಗೊತ್ತಾಗಿದೆ. ಬ್ರೂನೋ ಬಾಯಿ ತೆರೆದ ಕೂಡಲೇ ಪುಟ ತಿರುಗಿಸುತ್ತಾರೆ.

ಏಕೆಂದರೆ ಅಲ್ಲಿ ಮಾತಾಡುವುದು ಬ್ರೂನೋ ಅಲ್ಲ. ಅವನು ಯಜಮಾನರನ್ನು ಬರೀ ಹೊಗಳುತ್ತಾನೆ. ಎದುರು ಮನೆಯವರು ಕಾರು ನಿಲ್ಲಿಸುವ ರೀತಿ ಅವನಿಗೆ ಹಿಡಿಸುವುದಿಲ್ಲ. ಅದು ಯಾರ ಜಗಳ ಅಂತ ಓದುವವರಿಗೆ ತಿಳಿಯಲ್ವಾ?

ನಾನು ಹೇಳುವುದು ಇಷ್ಟೇ. ಪ್ರಾಣಿ ಏನು ಮಾಡಿತೋ ಅದನ್ನು ಬರೆಯಿರಿ. ಏನು ಅಂದುಕೊಂಡಿತು ಅನ್ನುವುದನ್ನು ಬಿಟ್ಟುಬಿಡಿ. "ಹಾಗಾದ್ರೆ ತಮಾಷೆ ಎಲ್ಲಿಂದ ಬರುತ್ತೆ ಸಾರ್?" ಅನ್ನುತ್ತಾರೆ. ನಿಮ್ಮಿಂದ ಬರುತ್ತೆ. ನಗೆಪಾಟಲಾಗಬೇಕಾದವರು ನೀವು, ನಾಯಿಯಲ್ಲ. ಇದನ್ನು ಎಷ್ಟು ಬಿಡಿಸಿ ಹೇಳಿದರೂ ತಲೆಯಾಡಿಸಿ ಹೋಗಿ, ಮುಂದಿನ ವಾರ ಬೆಕ್ಕಿನ ಆತ್ಮಕತೆ ಕಳಿಸುತ್ತಾರೆ.

ಜಯನಗರದ ಒಬ್ಬರು ತಮ್ಮ ಲ್ಯಾಬ್ರಡಾರ್ ಹೆಸರಿನಲ್ಲಿ ಪುಟಗಟ್ಟಲೆ ಬರೆದಿದ್ದರು. ನಾಯಿಯ ಕನಸು, ನಾಯಿಯ ಪ್ರೇಮ, ನಾಯಿಯ ವೇದಾಂತ. ನಡುವೆ ಎಲ್ಲೋ ಒಂದು ಸಾಲು ನುಸುಳಿತ್ತು: ಡಾಕ್ಟರು ಡಯಟ್ ಹೇಳಿದರೂ ನಾನು ದಪ್ಪಗಾಗುತ್ತಿದ್ದೇನೆ. ಫೋನ್ ಮಾಡಿ ವಿಚಾರಿಸಿದೆ. ಮನೆಮಂದಿಯೆಲ್ಲ ಡಾಕ್ಟರ ಹತ್ತಿರ ಹೋಗಿದ್ದಾರೆ. ನಾಯಿ ತೂಕದ ಮಷಿನ್ ಮೇಲೆ ನಿಂತಿದೆ. ಇಳಿಯಬೇಕಾದ ತೂಕ ಏರಿದೆ. "ನಾನೇನೂ ಹಾಕಲ್ಲಪ್ಪ" ಅಂದರು ಯಜಮಾನರು. "ರಾತ್ರಿ ಒಂದು ತುತ್ತು ಮೊಸರನ್ನ, ಅಷ್ಟೇ" ಅಂದರು ಅವರ ಹೆಂಡತಿ. ಮಗ ಮೊಬೈಲ್‌ನಿಂದ ತಲೆ ಎತ್ತಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಅಜ್ಜ ಮಾತ್ರ, ಈ ಮನೇಲಿ ಶಿಸ್ತು ಅನ್ನೋದೇ ಇಲ್ಲ ಅಂತ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದರು. ನಾಯಿ ಮಷಿನ್‌ನಿಂದ ಇಳಿದು, ನೆಟ್ಟಗೆ ಬಂದು, ಅಜ್ಜನ ಜುಬ್ಬಾದ ಜೇಬಿಗೆ ಮೂತಿ ತೂರಿಸಿತು. ಒಳಗೆ ಮಾರಿ ಬಿಸ್ಕತ್ತು.

ನಾಯಿ ಒಂದು ಮಾತೂ ಆಡಲಿಲ್ಲ, ಗಮನಿಸಿ. ಆಡಿದ್ದರೆ ಎಲ್ಲ ಕೆಡುತ್ತಿತ್ತು. ಪೂರ್ಣಚಂದ್ರ ತೇಜಸ್ವಿಯವರ ಬರಹಗಳಲ್ಲಿ ಬರುವ ನಾಯಿ 'ಕಿವಿ' ಕನ್ನಡದವರ ಮನೆಮಾತಾದದ್ದೂ ಭಾಷಣ ಮಾಡಿ ಅಲ್ಲ.

ತಲೆ ತಗ್ಗಿಸಿ ಕೂತ ನಾಯಿಯ ಫೋಟೊಗಳದ್ದು ಇನ್ನೊಂದು ಕಾಟ. "ಚಪ್ಪಲಿ ಕಚ್ಚಿ ಪಶ್ಚಾತ್ತಾಪ ಪಡ್ತಿದೆ ನೋಡಿ." ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ತಿಂಡಿ ಮುಟ್ಟಬೇಡ ಅಂತ ನಾಯಿಗೆ ಹೇಳಿ ಯಜಮಾನರು ಹೊರಗೆ ಹೋಗಬೇಕು. ವಾಪಸ್ ಬಂದಾಗ ನಾಯಿ ತಿಂದಿದೆಯೋ ಇಲ್ಲವೋ ಅನ್ನುವುದನ್ನು ಅವರಿಗೆ ಕೆಲವು ಸಲ ಸುಳ್ಳೇ ಹೇಳಲಾಗುತ್ತಿತ್ತು. ಆ ಅಪರಾಧಿ ಮುಖಕ್ಕೂ ತಿಂದದ್ದಕ್ಕೂ ಸಂಬಂಧ ಕಾಣಲಿಲ್ಲ. ಬೈದರೆ ಆ ಮುಖ ಬರುತ್ತಿತ್ತು. ತಿನ್ನದೆ ಸುಮ್ನೆ ಬೈಸಿಕೊಂಡ ನಾಯಿಗಳಲ್ಲಿ ಇನ್ನೂ ಜಾಸ್ತಿ. ಪ್ರಯೋಗದಲ್ಲಿ ಇದ್ದದ್ದು 14 ನಾಯಿ, ಅಷ್ಟರಿಂದ ಜಗತ್ತಿನ ನಾಯಿಗಳ ಮನಸ್ಸೆಲ್ಲ ತಿಳಿಯಿತು ಅನ್ನಲಾರೆ. ಆದರೆ ಆ ಫೋಟೊದಲ್ಲಿ ನಾಯಿಗಿಂತ, ಕ್ಯಾಮೆರಾ ಹಿಡಿದು ಕಿರುಚುತ್ತಿರುವವರೇ ನನಗೆ ಹೆಚ್ಚು ಕಾಣುತ್ತಾರೆ.

ಈ ಗುಟ್ಟು ಚೆನ್ನಾಗಿ ತಿಳಿದಿದ್ದವರು ಇಂಗ್ಲೆಂಡಿನ ಜೇಮ್ಸ್ ಹೆರಿಯಟ್. ಯಾರ್ಕ್‌ಷೈರಿನ ಥರ್ಸ್ಕ್ ಊರಿನ ಪಶುವೈದ್ಯರು. ನಿಜವಾದ ಹೆಸರು ಆಲ್ಫ್ ವೈಟ್. ಸ್ವಂತ ಹೆಸರಲ್ಲಿ ಬರೆದರೆ ವೈದ್ಯರು ಜಾಹೀರಾತು ಮಾಡಿಕೊಂಡಂತೆ ಅನ್ನುವ ಕಟ್ಟುಪಾಡಿತ್ತು. ಅದಕ್ಕೇ ಒಬ್ಬ ಫುಟ್ಬಾಲ್ ಗೋಲ್‌ಕೀಪರ್ ಹೆಸರು ಎತ್ತಿಕೊಂಡರು. ಮೊದಲ ಪುಸ್ತಕ ಬಂದದ್ದು 1970ರಲ್ಲಿ, ವಯಸ್ಸು ಐವತ್ತು ದಾಟಿದ ಮೇಲೆ. ಅವರ ಕತೆಯಲ್ಲಿ ಸಿರಿವಂತ ಹೆಂಗಸೊಬ್ಬರ ಟ್ರಿಕಿ ವೂ ಎಂಬ ಪುಟ್ಟ ನಾಯಿ ತಿಂದು ತಿಂದು ಏಳಲಾರದಂತಾಗುತ್ತದೆ. ವೈದ್ಯರು ಕರೆದುಕೊಂಡು ಬಂದು ಎರಡು ದಿನ ಬರೀ ನೀರು ಕೊಡುತ್ತಾರೆ. ಬೇರೆ ನಾಯಿಗಳ ಜೊತೆ ಬಿಡುತ್ತಾರೆ. ಅಷ್ಟಕ್ಕೇ ವಾಸಿ. ಆದರೆ ಯಜಮಾನಿ ನಾಯಿಗೆ ಶಕ್ತಿ ಬರಲಿ ಅಂತ ಮೊಟ್ಟೆ, ವೈನು, ಕೊನೆಗೆ ಬ್ರಾಂದಿ ಕಳಿಸುತ್ತಾರೆ. ಅದೆಲ್ಲ ವೈದ್ಯರ ಹೊಟ್ಟೆ ಸೇರುತ್ತದೆ. ನಾಯಿಯನ್ನು ವಾಪಸ್ ಕಳಿಸಲು ಅವರಿಗೇ ಮನಸ್ಸಿಲ್ಲ! ಯಜಮಾನಿಯನ್ನು ನೋಡಿ ನಗುತ್ತೇವೆ, ವೈದ್ಯರನ್ನು ನೋಡಿಯೂ ನಗುತ್ತೇವೆ.

ನಮ್ಮಲ್ಲಿ ಸರಕಿಗೆ ಬರವೇ? ಮನೆಯವರೆಲ್ಲ ಕನ್ನಡದಲ್ಲಿ ಮಾತಾಡಿ ನಾಯಿಗೆ ಮಾತ್ರ ಇಂಗ್ಲಿಷ್ ಬಳಸುವವರು ಬೀದಿಗೊಬ್ಬರಿದ್ದಾರೆ. "ಸಿಟ್ ಮಾಡೋ ಕಂದಾ, ಸಿಟ್ ಮಾಡು" ಅನ್ನುವ ಅಜ್ಜಿಯರ ಮೇಲೆ ನನಗೆ ವಿಪರೀತ ಪ್ರೀತಿ. ಮೊಲದ ಹಿಂದೆ ಓಡಲೆಂದೇ ಬೆಳೆಸಿದ ಮುಧೋಳ ನಾಯಿಯನ್ನು ಎರಡು ಬೆಡ್‌ರೂಮಿನ ಫ್ಲಾಟಿಗೆ ತಂದು, ಬೆಳಗ್ಗೆ ಹಗ್ಗದ ತುದಿಯಲ್ಲಿ ತಾವೇ ಗಾಳಿಪಟವಾಗುವವರೂ ಇದ್ದಾರೆ. ಇಂಥದ್ದನ್ನು ಬರೆಯಿರಿ.

ನಾಯಿ ಚಾಕೊಲೇಟ್ ತಿಂದಿತು, ಒಣದ್ರಾಕ್ಷಿ ತಿಂದಿತು, ಈರುಳ್ಳಿ ತಿಂದಿತು ಅನ್ನುವುದನ್ನು ಮಾತ್ರ ತಮಾಷೆ ಅಂತ ಕಳಿಸಬೇಡಿ. ಅವು ನಾಯಿಗೆ ವಿಷ. ನಾನು ಡಾಕ್ಟರಲ್ಲ, ಮೊದಲು ಡಾಕ್ಟರಿಗೆ ಫೋನ್ ಮಾಡಿ. ಪಟಾಕಿಗೆ ಹೆದರಿ ಮಂಚದ ಕೆಳಗೆ ನಡುಗುವ ನಾಯಿಯ ವಿಡಿಯೋವೂ ಬೇಡ.

ಗಿಳಿಯ ಕತೆಯಂತೂ ಬೇಡವೇ ಬೇಡ. ನಮ್ಮ ಕಾಡಿನ ಗಿಳಿಗಳನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಫೋಟೊ, ವಿಳಾಸ, ಫೋನ್ ನಂಬರ್ ಸಮೇತ ಕಳಿಸುತ್ತಾರೆ. ಒಬ್ಬರಿಗೆ ಇದನ್ನೆಲ್ಲ ವಿವರಿಸಿ ಹೇಳಿದೆ. ಗಾಬರಿಯಾದರು. "ಹಾಗಾದ್ರೆ ಹೆಸರು ಬದಲಾಯಿಸಿ ಹಾಕಿ ಸಾರ್" ಅಂದರು.

ಆಗಲಿ, ಏನಂತ ಹಾಕಲಿ ಅಂದೆ.

"ರಾಮು ಬದಲು ಸೋಮು ಅಂತ ಹಾಕಿ. ಪಾಪ, ಗಿಳಿಗೆ ತೊಂದರೆ ಆಗಬಾರದು."