ರೈಲಿನಲ್ಲಿ ಎರಡು ಖಾಕಿ: ಕಾಯುವವರು ಯಾರು, ಉತ್ತರ ಕೊಡುವವರು ಯಾರು?

ರಾತ್ರಿ ರೈಲಿನಲ್ಲಿ ಬ್ಯಾಗ್ ಕಳವಾಯಿತು ಅಂದುಕೊಳ್ಳಿ. ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡುತ್ತೀರಿ. ಮುಂದಿನ ಸ್ಟೇಷನ್ನಿನಲ್ಲಿ ಇಬ್ಬರು ಖಾಕಿಯವರು ಬೋಗಿ ಹತ್ತುತ್ತಾರೆ. ಸೀಟ್ ನಂಬರ್ ಬರೆದುಕೊಳ್ಳುತ್ತಾರೆ, ಬ್ಯಾಗಿನಲ್ಲಿ ಏನೇನಿತ್ತು ಅಂತ ಕೇಳುತ್ತಾರೆ, ಕೊನೆಗೆ "ಕೇಸ್ ನಾವು ಹಾಕೋಕಾಗಲ್ಲ, ಜಿಆರ್‌ಪಿಗೆ ಕೊಡಿ" ಅನ್ನುತ್ತಾರೆ. ಸಿಟ್ಟು ಬರುತ್ತೆ, ಅಲ್ವಾ? ಆದರೆ ಅವರು ಹೇಳಿದ್ದು ಸುಳ್ಳಲ್ಲ. ಬಂದವರು ಆರ್‌ಪಿಎಫ್, ಅಂದರೆ ಕೇಂದ್ರದ ರೈಲ್ವೆ ರಕ್ಷಣಾ ಪಡೆ. ಕಳವು, ದರೋಡೆ, ಹಲ್ಲೆ, ಕೊಲೆಗೆ ಎಫ್‌ಐಆರ್ ಹಾಕಿ ತನಿಖೆ ಮಾಡುವುದು ಜಿಆರ್‌ಪಿ, ಅಂದರೆ ರಾಜ್ಯ ಸರ್ಕಾರದ ರೈಲ್ವೆ ಪೊಲೀಸ್. ಇಬ್ಬರದೂ ಖಾಕಿಯೇ. ಭುಜದ ಮೇಲಿನ ಅಕ್ಷರ ಓದದಿದ್ದರೆ ಯಾರು ಯಾರೆಂದು ತಿಳಿಯುವುದಿಲ್ಲ.

ಈ ಇಬ್ಭಾಗ ಶುರುವಾಗಿದ್ದು ಬ್ರಿಟಿಷ್ ಕಂಪನಿಗಳ ಕಾಲದಲ್ಲಿ. ಆಗ ರೈಲು ಓಡಿಸುತ್ತಿದ್ದದ್ದು ಖಾಸಗಿ ಕಂಪನಿಗಳು. ಅವುಗಳ ಚಿಂತೆಯೆಲ್ಲ ಗೂಡ್ಸ್ ಶೆಡ್ಡಿನ ಮಾಲು, ಪಾರ್ಸೆಲ್, ಕಲ್ಲಿದ್ದಲಿನದು. 1872ರಲ್ಲಿ ಒಂದು ಸಮಿತಿ ಕೂತು, ಕಾನೂನು-ಸುವ್ಯವಸ್ಥೆ ನೋಡಿಕೊಳ್ಳಲು ಸರ್ಕಾರಿ ಪೊಲೀಸರು ಬೇರೆ, ಮಾಲು ಕಾಯಲು ಕಂಪನಿಯ ಕಾವಲುಗಾರರು ಬೇರೆ ಇರಲಿ ಎಂದಿತು. 1882ರ ಹೊತ್ತಿಗೆ ಹಾಗೇ ಆಯಿತು. ಕಂಪನಿಗಳು ಚೌಕಿದಾರರನ್ನು ಇಟ್ಟುಕೊಂಡವು. ಮುಂದೆ ಅದೇ 'ವಾಚ್ ಅಂಡ್ ವಾರ್ಡ್' ಆಯಿತು. ಇವತ್ತಿನ ಆರ್‌ಪಿಎಫ್‌ನ ಮೂಲ ಅದೇ. ಸರಕು ಕಾಯಲು ಹುಟ್ಟಿದ ಪಡೆ ಇದು, ಜನರನ್ನು ಕಾಯಲು ಅಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಆ ಗೆರೆ ಅಳಿಸಲಿಲ್ಲ. ಸಂವಿಧಾನದಲ್ಲಿ ರೈಲ್ವೆ ಕೇಂದ್ರದ ಪಟ್ಟಿಗೆ ಹೋಯಿತು, ಪೊಲೀಸ್ ರಾಜ್ಯದ ಪಟ್ಟಿಯಲ್ಲಿ ಉಳಿಯಿತು, ಅದರಲ್ಲಿ ರೈಲ್ವೆ ಪೊಲೀಸ್ ಕೂಡ ಸೇರಿದೆ. ಜಿಆರ್‌ಪಿ ಖರ್ಚನ್ನು ರೈಲ್ವೆ ಮತ್ತು ರಾಜ್ಯ ಅರ್ಧರ್ಧ ಹಂಚಿಕೊಳ್ಳುತ್ತವೆ. 1957ರಲ್ಲಿ ಆರ್‌ಪಿಎಫ್‌ಗೆ ಅಂತಲೇ ಕಾಯ್ದೆ ಬಂತು. ಆಗಲೂ ಅದರ ಕೆಲಸ ರೈಲ್ವೆ ಆಸ್ತಿ ಕಾಯುವುದು ಅಷ್ಟೇ.

ಆಮೇಲೆ ಅಧಿಕಾರ ಒಂದೊಂದಾಗಿ ಸೇರುತ್ತಾ ಹೋಯಿತು. 1966ರಲ್ಲಿ ಬಂದ ಇನ್ನೊಂದು ಕಾಯ್ದೆಯಡಿ, ಕದ್ದ ರೈಲ್ವೆ ಆಸ್ತಿ ಯಾರ ಬಳಿ ಸಿಕ್ಕರೂ ಆರ್‌ಪಿಎಫ್ ತಾನೇ ಹಿಡಿದು ವಿಚಾರಣೆ ಮಾಡಬಹುದು. ಇಲ್ಲೊಂದು ವಿಚಿತ್ರ ಇದೆ. ಪೊಲೀಸರ ಮುಂದೆ ಆರೋಪಿ ತಪ್ಪೊಪ್ಪಿಕೊಂಡರೆ ಅದು ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ, ಯಾಕೆಂದರೆ ಹೊಡೆದು ಬಡಿದು ಹೇಳಿಸಿರಬಹುದು. ಆದರೆ 1966ರ ಕಾಯ್ದೆಯಡಿ ವಿಚಾರಣೆ ಮಾಡುವ ಆರ್‌ಪಿಎಫ್ ಅಧಿಕಾರಿ ಆ ಅರ್ಥದಲ್ಲಿ 'ಪೊಲೀಸ್ ಅಧಿಕಾರಿ' ಅಲ್ಲ ಎಂದು 1980ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಅವರ ಮುಂದೆ ಹೇಳಿದ್ದನ್ನು ಆರೋಪಿಯ ವಿರುದ್ಧವೇ ಬಳಸಬಹುದು. ನಿಮ್ಮ ದೂರು ತಗೊಳ್ಳುವಾಗ ಅವರು ಪೊಲೀಸ್ ಅಲ್ಲ, ನಿಮ್ಮನ್ನು ಹಿಡಿದು ಕೂರಿಸಿ ಪ್ರಶ್ನೆ ಕೇಳುವಾಗಲೂ ಅಲ್ಲ! ಎರಡು ಕಡೆಯೂ ನಷ್ಟ ನಮಗೇ.

1985ರ ಸೆಪ್ಟೆಂಬರ್ 20ರಂದು ಆರ್‌ಪಿಎಫ್ ಕೇಂದ್ರದ ಸಶಸ್ತ್ರ ಪಡೆಯಾಯಿತು. 1957ರ ಕಾಯ್ದೆಯೊಳಗೆ ಪ್ರಯಾಣಿಕನಿಗೆ ಜಾಗ ಸಿಗಲು 2003ರ ತಿದ್ದುಪಡಿ ಬರಬೇಕಾಯಿತು, ಜಾರಿಯಾದದ್ದು 2004ರ ಜುಲೈನಲ್ಲಿ. ಆಗ 11ನೇ ಕಲಮಿನಲ್ಲಿ ಆಸ್ತಿಯ ಜೊತೆಗೆ ಪ್ರಯಾಣಿಕರು, ಅವರು ಓಡಾಡುವ ಜಾಗ ಎರಡೂ ಸೇರಿದವು. ಸುಮ್ನೆ ಚೈನ್ ಎಳೆಯುವುದು, ಹಳಿ ದಾಟುವುದು, ಲೈಸೆನ್ಸ್ ಇಲ್ಲದೆ ಮಾರುವುದು, ಲೇಡೀಸ್ ಬೋಗಿಗೆ ಗಂಡಸರು ನುಗ್ಗುವುದು, ಇಂಥವನ್ನೆಲ್ಲ ಆರ್‌ಪಿಎಫ್ ತಾನೇ ನೋಡಿಕೊಳ್ಳಬಹುದು ಅಂತಾಯಿತು. ಚಹಾ ಮಾರುವವನನ್ನು ಹಿಡಿಯಬಹುದು, ಜೇಬುಗಳ್ಳನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ. ಗಂಭೀರ ಅಪರಾಧಗಳೆಲ್ಲ ರಾಜ್ಯದ ಬಳಿಯೇ ಉಳಿದವು.

ಇದು ಎಷ್ಟು ಗೋಜಲು ಅಂತ ನೋಡಬೇಕಿದ್ದರೆ ಮಂಗಳೂರು ಸೆಂಟ್ರಲ್‌ಗೆ ಹೋಗಿ. ಅಲ್ಲಿನ ಜಿಆರ್‌ಪಿ ಕರ್ನಾಟಕದ್ದು. ಆರ್‌ಪಿಎಫ್ ಮಾತ್ರ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು, ಹುಬ್ಬಳ್ಳಿಯ ನೈಋತ್ಯ ರೈಲ್ವೆಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿಂದ ಕಾಸರಗೋಡಿನ ಕಡೆ ಹೊರಟರೆ ಸ್ವಲ್ಪ ಹೊತ್ತಿಗೇ ಗಡಿ ದಾಟಿ ಕೇರಳದ ರೈಲ್ವೆ ಪೊಲೀಸರ ವ್ಯಾಪ್ತಿ. ನಿದ್ದೆಯಲ್ಲಿದ್ದಾಗ ಬ್ಯಾಗ್ ಯಾವ ರಾಜ್ಯದಲ್ಲಿ ಹೋಯಿತು ಅಂತ ಪ್ರಯಾಣಿಕ ಎಲ್ಲಿಂದ ಹೇಳಬೇಕು? ಅದಕ್ಕೇ ಜೀರೋ ಎಫ್‌ಐಆರ್. ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಹಳೆಯ ಸಿಆರ್‌ಪಿಸಿ (ಅಪರಾಧ ಪ್ರಕ್ರಿಯಾ ಸಂಹಿತೆ) ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಇದು ಇದೆ. ಟಿಟಿಇ, ಗಾರ್ಡ್ ಹತ್ತಿರವೂ ದೂರಿನ ಫಾರಂ ಇರಬೇಕು. ಇಳಿಯುವ ಮೊದಲೇ ಕೇಳಿ ತುಂಬಿಸಿ ಕೊಡಿ.

ದೂರಿನ ದಾರಿ ಹೀಗೆ. ಆದರೆ ಕಾಯಬೇಕಾದವರೇ ಇಲ್ಲದಿದ್ದರೆ, ಅಥವಾ ಅವರೇ ಕೊಂದರೆ?

2011ರ ಫೆಬ್ರುವರಿಯಲ್ಲಿ ಕೇರಳದಲ್ಲಿ ಎರ್ನಾಕುಲಂ–ಶೋರನೂರು ಪ್ಯಾಸೆಂಜರ್‌ನ ಲೇಡೀಸ್ ಬೋಗಿಯಲ್ಲಿ ಒಬ್ಬಳೇ ಇದ್ದ ಯುವತಿಯ ಮೇಲೆ ದಾಳಿ ನಡೆದು, ಆಕೆ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಆ ಬೋಗಿಗೆ ಕಾವಲಿರಲಿಲ್ಲ. ದಾಳಿ ಮಾಡಿದವನ ಕೇಸ್ ಸುಪ್ರೀಂ ಕೋರ್ಟ್ ತನಕ ಹೋಯಿತು, ನಿಜ. ಕಾವಲು ಯಾಕಿರಲಿಲ್ಲ ಅನ್ನುವ ಪ್ರಶ್ನೆ ಅಷ್ಟು ದೂರ ಹೋಗಲೇ ಇಲ್ಲ.

2023ರ ಜುಲೈ 31ರ ನಸುಕಿನಲ್ಲಿ ಜೈಪುರ–ಮುಂಬೈ ಸೂಪರ್‌ಫಾಸ್ಟ್‌ನಲ್ಲಿ ಬೆಂಗಾವಲಿಗಿದ್ದ ಆರ್‌ಪಿಎಫ್ ಕಾನ್‌ಸ್ಟೆಬಲ್ ಒಬ್ಬ ಮೊದಲು ತನ್ನ ಮೇಲಧಿಕಾರಿಯಾದ ಎಎಸ್‌ಐಗೆ ಗುಂಡಿಕ್ಕಿದ. ಆಮೇಲೆ ಬೋಗಿಯಿಂದ ಬೋಗಿಗೆ ಹೋಗಿ ಮೂವರು ಪ್ರಯಾಣಿಕರನ್ನು ಕೊಂದ. ಮೂವರೂ ಮುಸ್ಲಿಮರು. ಕೈಯಲ್ಲಿದ್ದದ್ದು ಇಲಾಖೆ ಕೊಟ್ಟ ರೈಫಲ್. ಮೈ ಸರಿಯಿಲ್ಲ, ಡ್ಯೂಟಿಯಿಂದ ಬಿಡಿ ಎಂದು ಆತ ಮೊದಲೇ ಕೇಳಿದ್ದ ಅಂತ ಜೊತೆಯಲ್ಲಿದ್ದ ಸಿಬ್ಬಂದಿ ದೂರಿನಲ್ಲಿ ಹೇಳಿದ್ದರು. ಆತನನ್ನು ವಜಾ ಮಾಡಿದ್ದು ರೈಲ್ವೆ, ಕೊಲೆ ಕೇಸ್ ದಾಖಲಾದದ್ದು ಬೋರಿವಲಿ ಜಿಆರ್‌ಪಿಯಲ್ಲಿ. ಎರಡು ಖಾಕಿ ಇರುವುದರಿಂದ ಏನಾದರೂ ಒಳ್ಳೆಯದಿದೆ ಅಂದರೆ ಇದೊಂದೇ ಅನಿಸುತ್ತದೆ: ತಮ್ಮವನ ಕೇಸನ್ನು ತಾವೇ ತನಿಖೆ ಮಾಡುವ ಹಾಗಿರಲಿಲ್ಲ.

ಕಳವಿನ ಮಟ್ಟಿಗೆ ರೈಲ್ವೆಯನ್ನು ಹೊಣೆ ಮಾಡುವುದು ಇನ್ನೂ ಕಷ್ಟ. ಸೊಂಟದ ಬೆಲ್ಟಿನಲ್ಲಿ ಕಟ್ಟಿಕೊಂಡಿದ್ದ 1 ಲಕ್ಷ ರೂಪಾಯಿ ಕಳೆದುಕೊಂಡ ಪ್ರಯಾಣಿಕರೊಬ್ಬರಿಗೆ ಗ್ರಾಹಕ ನ್ಯಾಯಾಲಯಗಳು ಪರಿಹಾರ ಕೊಡಿಸಿದ್ದವು. ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ಅದನ್ನು ರದ್ದು ಮಾಡಿತು. ತನ್ನ ವಸ್ತುವನ್ನು ಪ್ರಯಾಣಿಕನೇ ಕಾಪಾಡಿಕೊಳ್ಳದಿದ್ದರೆ ಅದು ರೈಲ್ವೆಯ ಸೇವಾ ಲೋಪವಲ್ಲ ಎಂದಿತು.

ಇನ್ನು ಸಿಬ್ಬಂದಿಯ ಮೇಲೇ ದೂರಿದ್ದರೆ? ಕರ್ತವ್ಯದಲ್ಲಿ ಲೋಪ ಮಾಡಿದವರಿಗೆ 1 ವರ್ಷದವರೆಗೆ ಜೈಲು ಅಂತ 1957ರ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಓದೋಕೆ ಚೆನ್ನಾಗಿದೆ. ಕೆಳಗೆ 20ನೇ ಕಲಮನ್ನೂ ಓದಬೇಕು. ಈ ಕಾಯ್ದೆಯ ಅಧಿಕಾರ ಬಳಸಿ ಮಾಡಿದ ಕೆಲಸದ ವಿರುದ್ಧ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ, ಕೇಸ್ ಹಾಕುವುದಿದ್ದರೆ ಘಟನೆ ನಡೆದ 3 ತಿಂಗಳೊಳಗೆ ಹಾಕಬೇಕು. ಅದಕ್ಕೂ ಕನಿಷ್ಠ 1 ತಿಂಗಳು ಮೊದಲು ಆ ಸಿಬ್ಬಂದಿಗೂ ಅವರ ಮೇಲಧಿಕಾರಿಗೂ ಲಿಖಿತ ನೋಟಿಸ್ ಕೊಟ್ಟಿರಬೇಕು. ಅಂದರೆ ಪೆಟ್ಟು ತಿಂದವರು ಸುಧಾರಿಸಿಕೊಂಡು, ವಕೀಲರನ್ನು ಹುಡುಕಿ, ನೋಟಿಸ್ ಕಳಿಸಲು ಸಿಗುವುದು ಎರಡೇ ತಿಂಗಳು.