ಗುಟ್ಟು ಬಿಡದೆ ವಿಮರ್ಶೆ ಬರೆಯುವುದು

ಹಾರರ್, ಪತ್ತೇದಾರಿ, ಸೈನ್ಸ್ ಫಿಕ್ಷನ್, ಅತೀಂದ್ರಿಯ ಕಾದಂಬರಿಗಳಿಗೆ ನಾನು ಹಲವು ವರ್ಷಗಳಿಂದ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ಓದುಗರು ಇಂಥ ಪುಸ್ತಕಗಳನ್ನೇ ಹುಡುಕಿಕೊಂಡು ಓದುವವರು. ಒಂಟಿ ಬಂಗಲೆ, ಬಿರುಗಾಳಿ, ಸತ್ತುಹೋದ ಫೋನು ಅಂದ ಕೂಡಲೇ ಮುಂದಿನದನ್ನು ಊಹಿಸಿಬಿಡುತ್ತಾರೆ. ಅವರಿಗೆ ಕಥೆಯ ಸಾರಾಂಶ ಬೇಡ, ಅದು ಪುಸ್ತಕದ ಹಿಂದಿನ ರಟ್ಟಿನ ಮೇಲೆ ಇದ್ದೇ ಇರುತ್ತದೆ. ಅವರು ಕೇಳುವುದು ಇಷ್ಟು: ಹೆದರಿಸುವ ಪುಸ್ತಕವಾದರೆ ಹೇಗೆ ಹೆದರಿಸುತ್ತದೆ? ಒಗಟು ಇದ್ದರೆ ಅದನ್ನು ಬಿಡಿಸಲು ನಮಗೂ ಅವಕಾಶ ಇದೆಯಾ? ಇದಕ್ಕೆ ಕಥೆಯ ಗುಟ್ಟು ಬಿಡದೆ ಉತ್ತರ ಕೊಡಬೇಕು. ಈ ಕೆಲಸದ ಕಷ್ಟವೆಲ್ಲ ಇಲ್ಲೇ ಇದೆ.

ಶುರುವಿನಲ್ಲಿ ನಾನು ಒಂದು ತಪ್ಪು ಮಾಡಿದ್ದೆ. ಒಂದು ಪತ್ತೇದಾರಿ ಕಾದಂಬರಿಯ ಬಗ್ಗೆ ‘ಕೊನೆಯ ತಿರುವು ಬೆರಗು ಹುಟ್ಟಿಸುತ್ತದೆ’ ಅಂತ ಬರೆದಿದ್ದೆ. ಕೊಲೆಗಾರ ಯಾರು ಅಂತ ಎಲ್ಲೂ ಹೇಳಿರಲಿಲ್ಲ. ಆದರೂ ಒಬ್ಬ ಓದುಗರು ಬೇಸರದಿಂದ ಪತ್ರ ಬರೆದರು. ತಿರುವು ಬರುತ್ತದೆ ಅಂತ ಮೊದಲೇ ಗೊತ್ತಿದ್ದರಿಂದ ಅವರು ಒಳ್ಳೆಯವರಂತೆ ಕಾಣುವ ಪಾತ್ರಗಳನ್ನೇ ಅನುಮಾನಿಸುತ್ತಾ ಓದಿದ್ದರು. ಅರ್ಧ ಪುಸ್ತಕಕ್ಕೇ ಕೊಲೆಗಾರ ಸಿಕ್ಕಿಬಿದ್ದಿದ್ದ. ಅವರ ಮಾತು ನಿಜ. ತಿರುವು ಇದೆ ಅನ್ನುವುದೇ ಅರ್ಧ ಗುಟ್ಟು.

2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಮನಃಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಅಂತ್ಯ ಮೊದಲೇ ತಿಳಿದಿದ್ದವರು ಕಥೆಗಳನ್ನು ಒಟ್ಟಾರೆ ಸ್ವಲ್ಪ ಜಾಸ್ತಿಯೇ ಮೆಚ್ಚಿದ್ದರು. ನನಗೆ ಇದನ್ನು ತೋರಿಸಿ ‘ನೀವು ಸುಮ್ನೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ’ ಅನ್ನುವವರಿದ್ದಾರೆ. ಆ ಮನಃಶಾಸ್ತ್ರಜ್ಞರು ಓದಿಸಿದ್ದು ಸಣ್ಣ ಕಥೆಗಳನ್ನು. ಮೂರು ದಿನ ಜೊತೆಯಲ್ಲಿಟ್ಟುಕೊಂಡು ಓದುವ ಕಾದಂಬರಿಯ ಮಾತು ಬೇರೆ ಅಂತ ನನ್ನ ನಂಬಿಕೆ. ಅಂತ್ಯ ತಿಳಿದು ಓದುವುದು ಯಾವಾಗ ಬೇಕಾದರೂ ಆಗುತ್ತದೆ, ತಿಳಿಯದೆ ಓದುವುದು ಒಂದೇ ಸಲ ಅಲ್ವಾ? ಅದನ್ನು ಕಿತ್ತುಕೊಳ್ಳುವ ಹಕ್ಕು ನನಗಿಲ್ಲ.

ಪತ್ತೇದಾರಿ ಕಾದಂಬರಿಗಳನ್ನು ನಾನು ಎರಡು ಸಲ ಓದುತ್ತೇನೆ. ಮೊದಲ ಸಲ ಪಕ್ಕದಲ್ಲಿ ಒಂದು ಹಾಳೆ ಇರುತ್ತದೆ. ಯಾವ ಪುಟದಲ್ಲಿ ಯಾರ ಮೇಲೆ ಅನುಮಾನ ಬಂತು, ಯಾಕೆ ಬಂತು ಅಂತ ಗುರುತು ಹಾಕುತ್ತೇನೆ. ಎರಡನೇ ಸಲ ಕೊಲೆಗಾರನನ್ನೇ ಹಿಂಬಾಲಿಸಿ ಓದುತ್ತೇನೆ. ಆಗ ಲೇಖಕರ ಪ್ರಾಮಾಣಿಕತೆ ಗೊತ್ತಾಗುತ್ತದೆ. ಸುಳಿವು ನಮ್ಮ ಕಣ್ಣೆದುರೇ ಇತ್ತಾ? ಪತ್ತೇದಾರನಿಗೆ ಸಿಕ್ಕಿದ್ದನ್ನು ನಮಗೆ ಮುಚ್ಚಿಟ್ಟರಾ? ಪಾತ್ರದ ಮನಸ್ಸಿನೊಳಗೆ ನಮ್ಮನ್ನು ಕರೆದುಕೊಂಡು ಹೋಗಿ, ಅಲ್ಲಿದ್ದ ಮುಖ್ಯ ಸಂಗತಿಯನ್ನೇ ಬಚ್ಚಿಟ್ಟರಾ?

ಈ ಲೆಕ್ಕಾಚಾರ ಹಳೆಯದು. ಇಂಗ್ಲೆಂಡಿನ ಪಾದ್ರಿ, ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ನಿಯಮ ಬರೆದಿಟ್ಟರು. ಅಪರಾಧಿ ಕಥೆಯ ಮೊದಲ ಭಾಗದಲ್ಲೇ ಕಾಣಿಸಿಕೊಂಡಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು, ಯಾರೂ ಕೇಳರಿಯದ ವಿಷ ಕೂಡದು, ಗುಪ್ತ ಕೋಣೆಯೋ ದಾರಿಯೋ ಒಂದಕ್ಕಿಂತ ಹೆಚ್ಚು ಇರಬಾರದು. ಎಲ್ಲವನ್ನೂ ಇಂದು ಪಾಲಿಸಬೇಕಿಲ್ಲ. ಆದರೆ ಸುಳಿವಿನ ನಿಯಮ ಮುರಿದವರನ್ನು ನಾನು ಸುಲಭವಾಗಿ ಬಿಡುವುದಿಲ್ಲ. ಅಗಾಥಾ ಕ್ರಿಸ್ಟಿ 1920ರ ದಶಕದಲ್ಲಿ ಬರೆದ ಒಂದು ಕಾದಂಬರಿಯನ್ನು ಕೆಲವರು ಮೋಸ ಅಂತ ಬೈದರು. ಅದನ್ನು ಎರಡನೇ ಸಲ ಓದಿ ನೋಡಿ, ಸುಳಿವುಗಳೆಲ್ಲ ಅಲ್ಲೇ ಇವೆ. ಯಾವ ಕಾದಂಬರಿ ಅಂತ ಹೇಳುವುದಿಲ್ಲ. ಓದಿದವರಿಗೆ ಗೊತ್ತಾಗಿರುತ್ತದೆ, ಓದದವರಿಗೆ ಅದು ಹಾಗೇ ಉಳಿಯಲಿ.

ತನಿಖೆಯ ವಿವರಗಳ ವಿಷಯದಲ್ಲಿ ನಾನು ಸ್ವಲ್ಪ ಸಡಿಲ. ಕ್ಲೋರೋಫಾರ್ಮ್ ಬಟ್ಟೆ ಮೂಗಿಗೆ ಹಿಡಿದರೆ ಕ್ಷಣದಲ್ಲಿ ಯಾರೂ ಬೀಳುವುದಿಲ್ಲ, ಅದಕ್ಕೆ ನಿಮಿಷಗಳೇ ಬೇಕು. ಒಂದು ಹೊಡೆದಾಟದಲ್ಲಿ ಹೀಗೆ ಬಂದರೆ ಬಿಟ್ಟುಬಿಡುತ್ತೇನೆ. ಹೆಣ ಸೆಟೆದುಕೊಂಡಿದ್ದನ್ನು ನೋಡಿ ವೈದ್ಯರು ಸಾವಿನ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಹೇಳಿ, ಇಡೀ ಒಗಟು ಅದರ ಮೇಲೇ ನಿಂತಿದ್ದರೆ ಮಾತ್ರ ಬಿಡುವುದಿಲ್ಲ. ಸೆಟೆದುಕೊಳ್ಳುವ ವೇಗ ಸೆಕೆಗೆ, ಚಳಿಗೆ, ದೇಹಕ್ಕೆ ತಕ್ಕಂತೆ ಬದಲಾಗುತ್ತದೆ.

ಹಾರರ್‌ಗೆ ಬೇರೆಯೇ ಅಳತೆ ಬೇಕು. ‘ನನಗೆ ಭಯ ಆಯಿತು’ ಅಂದರೆ ಓದುಗರಿಗೆ ಏನೂ ಸಿಗುವುದಿಲ್ಲ, ಒಬ್ಬೊಬ್ಬರು ಒಂದೊಂದಕ್ಕೆ ಹೆದರುತ್ತಾರೆ. ಭಯ ಎಲ್ಲಿಂದ ಬರುತ್ತದೆ ಅಂತ ಹೇಳಬೇಕು. ಆ್ಯನ್ ರ‍್ಯಾಡ್‌ಕ್ಲಿಫ್ ಅನ್ನುವ ಹಳೆಯ ಇಂಗ್ಲಿಷ್ ಭಯಾನಕ ಕಾದಂಬರಿಗಾರ್ತಿಯ ಪ್ರಬಂಧವೊಂದು ಅವರು ತೀರಿಕೊಂಡ ಮೇಲೆ, 1826ರಲ್ಲಿ ಅಚ್ಚಾಯಿತು. ಸರಿಯಾಗಿ ಕಾಣದ್ದರ ಮುಂದೆ ಮನಸ್ಸನ್ನು ಎಚ್ಚರಿಸುವ ಭಯ ಒಂದು, ಕಣ್ಣೆದುರಿನದನ್ನು ಕಂಡು ಮರಗಟ್ಟಿಸುವ ಭಯ ಇನ್ನೊಂದು ಅಂತ ಅವರು ಬೇರೆ ಮಾಡಿ ತೋರಿಸಿದರು. ನನಗೆ ಇದು ಇಂದಿಗೂ ಕೆಲಸಕ್ಕೆ ಬರುವ ಭೇದ. ಆ ‘ಅದು’ ಪೂರ್ತಿಯಾಗಿ ಕಾಣಿಸಿಕೊಳ್ಳುವ ಪುಟವನ್ನು ಗುರುತು ಮಾಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ಲೇಖಕರು ಏನನ್ನು ಬಳಸಿದರು? ಸದ್ದು, ವಾಸನೆ, ಮಗು ಆಡಿದ ಒಂದು ಮಾತು? ಆ ಪುಟದ ನಂತರವೂ ಭಯ ಉಳಿಯಿತಾ, ಅಥವಾ ಓಡಾಟ, ಕಿರುಚಾಟ ಮಾತ್ರ ಉಳಿಯಿತಾ? ಬಹಳಷ್ಟು ಕಾದಂಬರಿಗಳು ಸೋಲುವುದು ಇಲ್ಲೇ. ಪುಟದ ಸಂಖ್ಯೆ ವಿಮರ್ಶೆಯಲ್ಲಿ ಬರುವುದಿಲ್ಲ. ‘ಮೊದಲರ್ಧ ಮೌನದಿಂದ ಹೆದರಿಸುತ್ತದೆ, ಆಮೇಲೆ ರಕ್ತ ಜಾಸ್ತಿ’ ಅಂದರೆ ಅಭಿಮಾನಿಗಳಿಗೆ ಸಾಕು. ಮಕ್ಕಳ ಮೇಲೆ, ಪ್ರಾಣಿಗಳ ಮೇಲೆ ಹಿಂಸೆ, ಲೈಂಗಿಕ ದೌರ್ಜನ್ಯ ಇದ್ದರೆ ನೇರವಾಗಿ ಹೇಳುತ್ತೇನೆ. ಗುಟ್ಟಿಗಿಂತ ಓದುವವರ ಮನಸ್ಸು ಮುಖ್ಯ.

ಸೈನ್ಸ್ ಫಿಕ್ಷನ್ ಒಂದು ಅಸಾಧ್ಯವನ್ನು ಒಪ್ಪಿಕೊಳ್ಳಿ ಅಂತ ಕೇಳುತ್ತದೆ. ಖುಷಿಯಿಂದ ಒಪ್ಪುತ್ತೇನೆ. ಉಳಿದದ್ದು ಅದಕ್ಕೆ ಹೊಂದಬೇಕು. ಮಂಗಳ ಗ್ರಹದಿಂದ ಭೂಮಿಗೆ ರೇಡಿಯೊ ಸಂದೇಶ ಬರಲು ಗ್ರಹಗಳ ದೂರಕ್ಕೆ ತಕ್ಕಂತೆ ಸುಮಾರು 3ರಿಂದ 22 ನಿಮಿಷ ಬೇಕು. ಅಲ್ಲಿರುವವಳು ಅಮ್ಮನ ಜೊತೆ ಫೋನಿನಂತೆ ಹರಟಿದರೆ ಲೇಖಕರು ಒಂದು ಒಳ್ಳೆಯ ಅವಕಾಶ ಕಳೆದುಕೊಂಡರು ಅಂತಲೇ ಅರ್ಥ. ಆ ಕಾಯುವಿಕೆಯಲ್ಲೇ ಎಷ್ಟು ಕಥೆ ಇತ್ತು!

ಅತೀಂದ್ರಿಯ ಕಾದಂಬರಿಗಳಲ್ಲಿ ದೆವ್ವ ಇದೆಯೋ ಇಲ್ಲವೋ ಅನ್ನುವುದೇ ಎಷ್ಟೋ ಸಲ ಗುಟ್ಟು. ‘ಮನೆಯಲ್ಲಿ ದೆವ್ವವಿದೆ’ ಅಂತ ವಿಮರ್ಶಕರು ಬರೆದರೆ ಆ ಅನುಮಾನ ಸತ್ತುಹೋಗುತ್ತದೆ. ‘ಮನೆಯವರು ದೆವ್ವವಿದೆ ಅಂತ ನಂಬುತ್ತಾರೆ’ ಅಂತ ಬರೆದರೆ ಉಳಿಯುತ್ತದೆ. ದೆವ್ವಗಳಲ್ಲಿ ನನಗೆ ನಂಬಿಕೆ ಇದೆಯೇ ಅಂತ ಹಲವರು ಕೇಳುತ್ತಾರೆ. ಅದು ಇಲ್ಲಿ ಮುಖ್ಯವಲ್ಲ. ಮೂರನೇ ಅಧ್ಯಾಯದಲ್ಲಿ ಗೋಡೆ ದಾಟಿದ ದೆವ್ವ ಇಪ್ಪತ್ತರಲ್ಲಿ ಚಿಲಕ ಹಾಕಿದ ಬಾಗಿಲ ಮುಂದೆ ಯಾಕೆ ನಿಂತಿತು ಅಂತ ಮಾತ್ರ ಕೇಳುತ್ತೇನೆ.

ಅಂತ್ಯವೇ ಕೆಟ್ಟಿದ್ದರೆ? ಅದಕ್ಕೆ ಕಾರಣ ಕೊಡದೆ ಸುಮ್ನೆ ‘ನಿರಾಸೆ’ ಅನ್ನುವುದು ಲೇಖಕರಿಗೆ ಮಾಡುವ ಅನ್ಯಾಯ. ಹಾಗಾಗಿ ವಿಮರ್ಶೆ ಮುಗಿಸಿ, ಜಾಗ ಬಿಟ್ಟು, ‘ಮುಂದಿನದು ಪುಸ್ತಕ ಓದಿ ಮುಗಿಸಿದವರಿಗೆ’ ಅಂತ ಬರೆದು ಆಮೇಲೆ ವಿವರ ಹೇಳುತ್ತೇನೆ.

ಕಳಿಸುವ ಮೊದಲು ಒಮ್ಮೆ ಪುಸ್ತಕ ಓದದವರ ಕಣ್ಣಿನಿಂದ ನನ್ನ ಬರಹವನ್ನು ಓದುತ್ತೇನೆ. ಕಳೆದ ವಾರ ಒಂದು ಸಾಲು ಹೀಗಿತ್ತು: ‘ಮೊದಲ ನೂರು ಪುಟಗಳಲ್ಲಿ ಅಕ್ಕನ ಪಾತ್ರ ತುಂಬಾ ಚೆನ್ನಾಗಿದೆ.’ ನೂರು ಪುಟ ಆದ ಮೇಲೆ ಅಕ್ಕ ಎಲ್ಲಿ ಹೋದಳು ಅಂತ ಯಾರಿಗಾದರೂ ಅನ್ನಿಸದೆ ಇರುತ್ತದೆಯೇ? ‘ಮೊದಲ ನೂರು ಪುಟಗಳಲ್ಲಿ’ ಅನ್ನುವುದನ್ನು ಹೊಡೆದುಹಾಕಿದೆ.