ಕಾಲಿನ ಗಂಟಿನಿಂದ ಕರಿ ಕಾಳು ಬರುತ್ತಿದೆ, ಏನಿದು?

ಪ್ರಶ್ನೆ: ನಮ್ಮ ತಂದೆ ಹೊಲದಲ್ಲಿ ಬರಿಗಾಲಲ್ಲೇ ಓಡಾಡುವವರು. ಹಿಂದೆ ಯಾವಾಗಲೋ ಜಾಲಿ ಮುಳ್ಳು ಚುಚ್ಚಿದ್ದ ಜಾಗದಲ್ಲಿ ಗಂಟು ಕಟ್ಟಿದೆ. ನೋವಿಲ್ಲ. ಆದರೆ ಕೀವಿನ ಜೊತೆ ಸಣ್ಣ ಕರಿ ಕಾಳು ಬರುತ್ತಿವೆ. ಆಂಟಿಬಯೋಟಿಕ್ ತಗೊಂಡರೂ ಕಡಿಮೆಯಾಗಿಲ್ಲ.

ಉತ್ತರ: ತಡಮಾಡದೆ ಚರ್ಮದ ಡಾಕ್ಟರಿಗೆ ತೋರಿಸಿ. ಗಂಟು, ಕೀವು ಸುರಿಯುವ ತೂತು, ಕೀವಿನಲ್ಲಿ ಕಾಳು ಮೂರೂ ಒಟ್ಟಿಗಿದ್ದರೆ ಮೊದಲು ಅನುಮಾನ ಬರಬೇಕಾದ್ದು ಮೈಸಿಟೋಮಾ ಅನ್ನೋ ಸೋಂಕಿನ ಮೇಲೆ. 1840ರ ದಶಕದಲ್ಲಿ ಮಧುರೈನಲ್ಲಿ ಗುರುತಿಸಿದ್ದರಿಂದ 'ಮಧುರಾ ಫುಟ್' ಅಂತಲೂ ಕರೆಯುತ್ತಾರೆ. ನೋವಿಲ್ಲ ಅಂತ ಜನ ಸುಮ್ನೆ ಇದ್ದುಬಿಡುತ್ತಾರೆ. ಅಷ್ಟರಲ್ಲಿ ಅದು ಮೂಳೆಗೆ ಇಳಿದಿರುತ್ತದೆ.

ಆ ಕಾಳುಗಳನ್ನು ದಯವಿಟ್ಟು ಒರೆಸಿ ಎಸೆಯಬೇಡಿ. ರೋಗಾಣುಗಳೇ ಗುಂಪುಗಟ್ಟಿ ಕಾಳಾಗಿರುತ್ತವೆ. ಕಪ್ಪಗಿದ್ದರೆ ಶಿಲೀಂಧ್ರ, ಅಂದರೆ ಫಂಗಸ್. ಕೆಂಪಗಿದ್ದರೆ ಬ್ಯಾಕ್ಟೀರಿಯಾ. ಬಿಳಿ, ಹಳದಿ ಆದರೆ ಎರಡರಲ್ಲಿ ಯಾವುದೂ ಇರಬಹುದು. ಬ್ಯಾಕ್ಟೀರಿಯಾದ್ದಾದರೆ ಕೋಟ್ರೈಮಾಕ್ಸಜೋಲ್, ಅಮಿಕಾಸಿನ್‌ನಂಥ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ. ಫಂಗಸ್ಸಿಗೆ ಅವು ನಾಟುವುದಿಲ್ಲ. ನಿಮ್ಮ ತಂದೆಗೆ ಗುಣವಾಗದಿರಲು ಇದೇ ಕಾರಣ ಇದ್ದೀತು.

ಬಣ್ಣ ನೋಡಿದರಷ್ಟೇ ಸಾಲದು, ಬಯಾಪ್ಸಿ ಬೇಕು, ಅಂದರೆ ಗಂಟಿನ ತುಂಡು ತೆಗೆದು ಪರೀಕ್ಷಿಸಬೇಕು. ಮೇಲಿನ ಕೀವನ್ನು ಹತ್ತಿಯಲ್ಲಿ ತೆಗೆದು ಪರೀಕ್ಷಿಸಿದರೆ ಬರೀ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸಿಗಬಹುದು. ಆಳದಿಂದ ತೆಗೆದ ತುಂಡಿನಲ್ಲಿ ಒಂದು ಭಾಗ ತುಂಡು ಕೆಡದಂತೆ ಇಡುವ ದ್ರವವಾದ ಫಾರ್ಮಲಿನ್‌ನಲ್ಲಿ, ಇನ್ನೊಂದು ಸಲೈನ್‌ನಲ್ಲಿ ಹೋಗಬೇಕು. ಪೂರ್ತಿ ಫಾರ್ಮಲಿನ್‌ಗೆ ಹಾಕಿದರೆ, ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಾದ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. 'ಕಲ್ಚರ್‌ಗೂ ಕಳಿಸ್ತೀರಾ ಡಾಕ್ಟ್ರೇ?' ಅಂತ ಕೇಳಲು ಸಂಕೋಚ ಬೇಡ. ರಿಪೋರ್ಟ್ ಬರಲು ವಾರಗಳೇ ಬೇಕು, ಕಾಯಿರಿ. ಮೂಳೆಗೆ ಇಳಿದಿದೆಯಾ ಅಂತ ನೋಡಲು ಎಕ್ಸ್-ರೇ, ಬೇಕಾದರೆ ಎಂಆರ್‌ಐ ಮಾಡಿಸುತ್ತಾರೆ.

ಫಂಗಸ್ ಅಂತ ಖಚಿತವಾದರೆ ಸಾಮಾನ್ಯವಾಗಿ ಇಟ್ರಾಕೊನಜೋಲ್ ಅನ್ನೋ ಫಂಗಸ್ ಕೊಲ್ಲುವ ಔಷಧಿ ಕೊಡುತ್ತಾರೆ. ಒಂದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಜೊತೆಗೆ ಗಂಟನ್ನು ಆಪರೇಷನ್ ಮಾಡಿ ತೆಗೆಯಬೇಕಾಗಬಹುದು. ಮಾತ್ರೆಯಿಲ್ಲದೆ ಬರೀ ಕೊಯ್ದು ತೆಗೆಸಿದರೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಕ್ಯಾಪ್ಸೂಲ್ ಆದರೆ ಊಟದ ಜೊತೆ ನುಂಗಬೇಕು. ಗ್ಯಾಸ್ಟ್ರಿಕ್ ಮಾತ್ರೆ ತಗೊಂಡರೆ ಇದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಆಗಾಗ ಲಿವರ್ ಪರೀಕ್ಷೆ ಮಾಡಿಸಬೇಕು. ಹೃದಯದ ತೊಂದರೆ ಇದ್ದರೆ, ಬೇರೆ ಮಾತ್ರೆ ನಡೆಯುತ್ತಿದ್ದರೆ ಮೊದಲೇ ಹೇಳಿಬಿಡಿ.

ಮನೆಯವರಿಗೆ ಅಂಟುತ್ತದೆ ಅನ್ನೋ ಭಯ ಬೇಡ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಡಾಕ್ಟರ ಹತ್ತಿರ ಹೋಗುವ ಹಿಂದಿನ ರಾತ್ರಿ ಗಂಟಿನ ಮೇಲೆ ಶುದ್ಧವಾದ ಗಾಜ್ ಬಟ್ಟೆ ಕಟ್ಟಿ. ಬೆಳಿಗ್ಗೆಗೆ ಅದರಲ್ಲಿ ಕಾಳು ಅಂಟಿದ್ದರೆ ಆ ಬಟ್ಟೆಯನ್ನೇ ಶುಭ್ರವಾದ ಮುಚ್ಚಳದ ಡಬ್ಬಿಯಲ್ಲಿ ತಗೊಂಡು ಹೋಗಿ.